ಕಮಾನು ತಾಕಿದ ಜಾಗಟೆ

ಕಳೆದ ಆಶ್ವಯುಜದ ಒಂದು ಭಾನುವಾರ, ಮೂವತ್ತೈದು ವರ್ಷಗಳ ಕಾಲ ಹುಡುಗರಿಗೆ ಭೌತಶಾಸ್ತ್ರವನ್ನು ಬೋಧಿಸಿದವನಿಗೆ ನಾಲ್ಕಾರು ಬೋಲ್ಟುಗಳನ್ನು ಬಿಚ್ಚಿ ಬಿಗಿಯುವುದೇನು ಮಹಾ ಎಂಬ ಧೈರ್ಯದಿಂದ, ಮೈಸೂರಿನ ನಮ್ಮ ಮನೆಯ ಅಂಗಳದಲ್ಲಿ ನನ್ನ ಪುಟ್ಟ ಕಾರಿನ ಮುಂಚಕ್ರಗಳೆರಡರ ಬ್ರೇಕ್ ಪ್ಯಾಡುಗಳನ್ನು ನಾನೇ ಬದಲಾಯಿಸಿದೆನು. ಹಿಂಚಕ್ರಗಳಿಗೆ ಕಲ್ಲು ಕೊಟ್ಟುದು, ಜಾಕೊಂದನ್ನೇ ನಂಬದೆ ಅಡಿಯಲ್ಲಿ ಸ್ಟ್ಯಾಂಡು ನಿಲ್ಲಿಸಿದುದು, ಬಿಚ್ಚಿದ ಕ್ಯಾಲಿಪರು ತನ್ನ ರಬ್ಬರು ಹೋಸಿನಿಂದ ಜೋತಾಡದಂತೆ ತಂತಿಯಿಂದ ಎತ್ತಿ ಕಟ್ಟಿದುದು, ಎಲ್ಲವೂ ಶಾಸ್ತ್ರೋಕ್ತವಾಗಿಯೇ ನಡೆದುವು; ಶಾಸ್ತ್ರಕ್ಕೆ ತಪ್ಪಿದ ಎರಡು ಸಂಗತಿಗಳೂ ಇದ್ದುವೆಂಬುದು ಕಾರು ಬೀದಿಗಿಳಿದ ಮೇಲೆ ತಿಳಿಯಿತು. ಹಳೆಯ ಪ್ಯಾಡುಗಳು ಮೂರು ಮಿಲಿಮೀಟರಿನಷ್ಟಕ್ಕೆ ಸವೆದು ಕೃಶವಾಗಿದ್ದರೂ ಎಂದೂ ಸೊಲ್ಲೆತ್ತಿರಲಿಲ್ಲ. ಹೊಸವಾದರೋ ಬೀದಿಯ ಕೊನೆ ಮುಟ್ಟುವುದರೊಳಗೆ ಮೂರು ಬಗೆಯ ಧ್ವನಿಗಳನ್ನು ಹೊರಡಿಸಿದುವು. ಚಕ್ರ ಉರುಳುವಷ್ಟು ಹೊತ್ತೂ ತಗಡಿನ ಮೇಲೆ ಉಗುರೆಳೆದಂತೆ ‘ಸರಕ್, ಸರಕ್’; ಬ್ರೇಕನ್ನು ಮೆಲ್ಲಗೆ ಒತ್ತಿದಾಗ ಹಲ್ಲು ಜುಮ್ಮೆನ್ನಿಸುವ ‘ಕೀ’ ಎಂಬ ಚೀತ್ಕಾರ; ಹಿಂದಕ್ಕೆ ಬಿಟ್ಟು ನಿಲ್ಲಿಸಿದಾಗ ಎಲ್ಲೋ ಒಳಗಿನಿಂದ ಒಂದು ‘ಟಕ್’.

ಪಕ್ಕದಲ್ಲಿ ಕುಳಿತಿದ್ದ ಸೋದರಳಿಯನು, “ಮಾವ, ಹಳೇ ಪ್ಯಾಡೇ ಮರ್ಯಾದಸ್ಥನಾಗಿತ್ತು ಅಂತ ಕಾಣುತ್ತೆ” ಎಂದನು. ಅವನಿಗೆ ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅಡ್ಡರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಹಿರಿಯರ ಮುಂದೆ ಕಾರನ್ನು ನಿಲ್ಲಿಸಿ ನನ್ನ ಪ್ರತಾಪವನ್ನು ನಿವೇದಿಸಿಕೊಂಡಾಗ, ಅವರು ಬಾನೆಟ್ಟಿನ ಕಡೆಗಾಗಲಿ ಚಕ್ರದ ಕಡೆಗಾಗಲಿ ನೋಡದೆ, ಕೈಯೊರಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, “ಮೇಷ್ಟ್ರೇ, ಒತ್ತಿದಾಗ ಬರೋ ಶಬ್ದ ಯಾವುದು, ಬಿಟ್ಟಾಗಲೂ ಬರೋದು ಯಾವುದು? ಮೊದಲು ಅದನ್ನ ಬೇರೆ ಮಾಡಿ. ಆಮೇಲೆ ಪಾನಾ ಹಿಡೀರಿ” ಎಂದರು. ಪ್ರಯೋಗಶಾಲೆಯಲ್ಲಿ ನಾನು ಎಷ್ಟೋ ತಂಡಗಳ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಪಾಠವನ್ನೇ ಅವರು ನನಗೆ ಮೂರು ವಾಕ್ಯಗಳಲ್ಲಿ ಒಪ್ಪಿಸಿದ್ದರು.

ಆ ಪ್ರಶ್ನೆಯ ಬೆನ್ನು ಹತ್ತುವ ಮೊದಲು ಯಂತ್ರದ ರೂಪವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳುವುದು ಒಳ್ಳೆಯದು. ಚಕ್ರದೊಡನೆ ತಿರುಗುವ ಎರಕದ ಕಬ್ಬಿಣದ ಒಂದು ತಟ್ಟೆ, ಅದೇ ಡಿಸ್ಕು. ಅದರ ಅಂಚನ್ನು ಎರಡು ಕಡೆಯಿಂದಲೂ ಇಕ್ಕಳದಂತೆ ಹಿಡಿದುಕೊಂಡಿರುವ ಕ್ಯಾಲಿಪರು. ಇಕ್ಕಳದ ಎರಡು ದವಡೆಗಳಂತೆ ಒಳಗೆ ಕುಳಿತಿರುವ ಎರಡು ಪ್ಯಾಡುಗಳು. ಪೆಡಲನ್ನು ತುಳಿದಾಗ ಬ್ರೇಕ್ ಆಯಿಲಿನ ಒತ್ತಡವು ಕ್ಯಾಲಿಪರಿನ ಪಿಸ್ಟನ್ನನ್ನು ಮುಂದೂಡುತ್ತದೆ, ಪ್ಯಾಡು ಡಿಸ್ಕನ್ನು ಅಪ್ಪುತ್ತದೆ. ಪೆಡಲನ್ನು ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆಳೆಯಲು ಯಾವ ಸ್ಪ್ರಿಂಗೂ ಇಲ್ಲವೆಂಬುದು ಈ ರಚನೆಯ ಸೊಗಸು: ಪಿಸ್ಟನ್ನಿನ ಸುತ್ತ ಬಿಗಿದಿರುವ ಚೌಕನೆಯ ಅಂಚಿನ ರಬ್ಬರು ಉಂಗುರವು ಒತ್ತಡಕ್ಕೆ ಸಿಕ್ಕಿ ಸ್ವಲ್ಪ ತಿರುಚಿಕೊಂಡಿದ್ದು, ಒತ್ತಡ ತೀರಿದೊಡನೆ ತನ್ನ ಸಹಜ ಆಕಾರಕ್ಕೆ ಮರಳುವಾಗ ಪಿಸ್ಟನ್ನನ್ನೂ ತನ್ನೊಡನೆ ಕೂದಲೆಳೆಯಷ್ಟು ಹಿಂದಕ್ಕೆ ಸೆಳೆದುಕೊಳ್ಳುತ್ತದೆ. ಡಿಸ್ಕಿಗೂ ಪ್ಯಾಡಿಗೂ ನಡುವೆ ಇರತಕ್ಕ ಅಂತರವೆಲ್ಲ ಅಷ್ಟೇ, ಮಿಲಿಮೀಟರಿನ ಹತ್ತನೆಯ ಒಂದಂಶದ ಆಸುಪಾಸು. ಆದುದರಿಂದ ಹೊಸ ಪ್ಯಾಡುಗಳು ಚಕ್ರ ತಿರುಗುವಾಗ ಸುಮ್ಮನೆ ಸವರಿದಂತೆ ಮೆಲುವಾಗಿ ‘ಸೊಯ್’ ಎನ್ನುವುದು ಸ್ವಾಭಾವಿಕವೇ.

ದಪ್ಪನೆಯ ಹೊಸ ಪ್ಯಾಡಿಗೆ ಎಡೆಮಾಡಿಕೊಡಲು ಪಿಸ್ಟನ್ನನ್ನು ಅದರ ಗೂಡಿನೊಳಕ್ಕೆ ಪೂರ್ತಿಯಾಗಿ ತಳ್ಳಬೇಕಾಗುತ್ತದೆ. ಹಾಗೆ ತಳ್ಳಿದ ಮೇಲೆ ಮೊದಲ ಸಲ ತುಳಿದ ಪೆಡಲು ಏನನ್ನೂ ಹಿಡಿಯದೆ ನೆಲಕ್ಕೇ ಇಳಿದುಬಿಡುತ್ತದೆ. ಹತ್ತಾರು ಸಲ ತುಳಿದು ಪಿಸ್ಟನ್ನನ್ನು ಮತ್ತೆ ಮುಂದಕ್ಕೆ ತಂದು, ಪೆಡಲು ಗಟ್ಟಿಯಾದ ಮೇಲೆಯೇ ಕಾರನ್ನು ಕದಲಿಸತಕ್ಕದ್ದು. ಇದನ್ನು ಮರೆತು ಗೇಟಿನ ಕಂಬಕ್ಕೆ ಗುದ್ದಿದವರುಂಟು. ನಾನು ಇದನ್ನಾದರೂ ಮರೆತಿರಲಿಲ್ಲ.

ಇನ್ನು ‘ಸರಕ್, ಸರಕ್’. ಇದು ಬ್ರೇಕನ್ನು ಒತ್ತದಿದ್ದಾಗಲೂ ಬರುತ್ತಿತ್ತು, ಕಾರಿನ ವೇಗ ಹೆಚ್ಚಿದಂತೆ ಅದರ ಲಯವೂ ಹೆಚ್ಚುತ್ತಿತ್ತು. ನನ್ನ ಕಾರಿನ ಚಕ್ರದ ಸುತ್ತಳತೆ ಸುಮಾರು 1.7 ಮೀಟರ್, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಐದೂವರೆ ಮೀಟರ್ ಮುಂದುವರಿಯುವುದರಿಂದ ಚಕ್ರವು ಸೆಕೆಂಡಿಗೆ ಮೂರು ಸುತ್ತಿಗಿಂತ ತುಸು ಹೆಚ್ಚು ಸುತ್ತಬೇಕು. ಅಳಿಯನು ಕೈಗಡಿಯಾರ ನೋಡುತ್ತ ತೊಡೆಯ ಮೇಲೆ ತಾಳ ಹಾಕಿ ಎಣಿಸಿದಾಗ ಹತ್ತು ಸೆಕೆಂಡಿಗೆ ಮೂವತ್ತೆರಡು ಬಂದಿತು. ಸುತ್ತಿಗೊಮ್ಮೆ ಎಂದಮೇಲೆ, ತಿರುಗುವ ವಸ್ತುವಿನ ಯಾವುದೋ ಒಂದು ಭಾಗವು ನಿಂತಿರುವ ಯಾವುದನ್ನೋ ಸುತ್ತಿಗೊಂದು ಸಲ ಮುಟ್ಟಿಹೋಗುತ್ತಿದೆಯೆಂದು ಅರ್ಥ. ಚಕ್ರವನ್ನು ಬಿಚ್ಚಿ ನೋಡಿದಾಗ ಸಾಕ್ಷ್ಯ ಕಣ್ಣೆದುರಿಗೇ ಇತ್ತು. ಡಿಸ್ಕಿನ ಹಿಂಬದಿಯಲ್ಲಿ ಕೆಸರೂ ಕಲ್ಲೂ ಸಿಡಿಯದಂತೆ ಮರೆಮಾಡಿರುವ ತೆಳ್ಳನೆಯ ತಗಡೊಂದುಂಟು. ಅದರ ತುಕ್ಕು ಹಿಡಿದ ಮೈಮೇಲೆ, ಕಿರುಬೆರಳಿನಷ್ಟು ಉದ್ದದ ಒಂದು ಕಮಾನಿನಾಕಾರದ ಗೆರೆ ಬೆಳ್ಳಿಯಂತೆ ಹೊಳೆಯುತ್ತಿದ್ದಿತು. ಬೋಲ್ಟು ಬಿಡದೆ ಮೊಂಡುತನ ಮಾಡಿದಾಗ ನಾನು ಮೊಣಕೈಯನ್ನು ಊರಿದ್ದು ಅಲ್ಲಿಯೇ. ಎರಡು ಬೆರಳಿನಿಂದ ತಗಡನ್ನು ತುಸು ಹೊರಗೆಳೆದೆ, ಡಿಸ್ಕನ್ನು ಕೈಯಿಂದ ಸುತ್ತಿಸಿದೆ, ಸದ್ದು ಅಡಗಿತು. ಒಂದು ವೇಳೆ ಅಲ್ಲಿ ಅಡಗದಿದ್ದಿದ್ದರೆ ಎರಡನೆಯ ಸಂಶಯ ಡಿಸ್ಕಿನ ಅಂಚಿನ ಮೇಲೆ ಹೋಗಬೇಕಾಗಿದ್ದಿತು: ಬಹುಕಾಲ ತಿರುಗಿದ ಡಿಸ್ಕು ಪ್ಯಾಡು ಮುಟ್ಟುವಷ್ಟು ಅಗಲಕ್ಕೆ ಮಾತ್ರ ಸವೆದು, ಹೊರ ಅಂಚಿನಲ್ಲಿ ತುಕ್ಕಿನ ಒಂದು ದಿಂಡು ಹಳೆಯ ಕಟ್ಟೆಯಂತೆ ನಿಂತಿರುತ್ತದೆ; ಹೊಸ ಪ್ಯಾಡಿನ ಮೂಲೆ ಅದನ್ನು ತಾಗಿದರೆ ಇಂತಹುದೇ ಕೆರೆತ ಕೇಳಿಸುವುದು.

ಆದರೆ ಈ ಅಧ್ಯಾಯವನ್ನು ನಾನು ಬರೆಯಲು ಹೊರಟುದು ಆ ‘ಕೀ’ ಎಂಬುದಕ್ಕಾಗಿ. ಅದರ ಸ್ವಭಾವವೇ ಬೇರೆ. ಅಳಿಯನು ತನ್ನ ಮೊಬೈಲಿನಲ್ಲಿ ಧ್ವನಿಯ ಆವೃತ್ತಿಯನ್ನು ಗೆರೆಯಾಗಿ ತೋರಿಸುವ ಒಂದು ಆ್ಯಪನ್ನು ತೆರೆದು ಕಿಟಕಿಯ ಹೊರಗೆ ಹಿಡಿದನು. ಗಂಟೆಗೆ 40 ಕಿಲೋಮೀಟರ್ ವೇಗದಿಂದ ಮೆಲ್ಲಮೆಲ್ಲನೆ ಬ್ರೇಕು ಹಿಡಿಯುತ್ತ ಬಂದೆ. ಗೆರೆಯು 3,000 ಹರ್ಟ್ಸಿನ ಸಮೀಪದಲ್ಲಿ ಎದ್ದು ನಿಂತಿತು. ಕಾರಿನ ವೇಗ ಮೂವತ್ತಾಯಿತು, ಇಪ್ಪತ್ತಾಯಿತು, ಹತ್ತಾಯಿತು. “ಮಾವ, ಗೆರೆ ಅಲ್ಲಾಡಲೇ ಇಲ್ಲ!” ಎಂದು ಅವನು ಕೂಗಿದನು. ಚಕ್ರದ ವೇಗ ಕಾಲುಭಾಗಕ್ಕೆ ಇಳಿದರೂ ಶ್ರುತಿ ಮಾತ್ರ ಇದ್ದಲ್ಲಿಯೇ ಇತ್ತು. ಲಯವು ತಿರುಗುತ್ತಿರುವುದು ಯಾವುದೆಂಬುದನ್ನು ಹೇಳಿದರೆ, ಶ್ರುತಿಯು ಮಿಡಿಯುತ್ತಿರುವುದು ಯಾವುದೆಂಬುದನ್ನು ಹೇಳುತ್ತದೆ. ಇವೆರಡನ್ನೂ ಬೇರ್ಪಡಿಸಿ ಕೇಳಬಲ್ಲ ಕಿವಿಗೆ ಅರ್ಧ ಕೆಲಸ ಮುಗಿದಂತೆಯೇ.

ಇಂತಹ ಒಂದು ಶ್ರುತಿಶುದ್ಧತೆ ನಮಗೆ ಪರಿಚಿತವಾದುದು ಪಿಟೀಲಿನಲ್ಲಿ. ವಾದಕನು ಕಮಾನನ್ನು ಬೇಗನೆ ಎಳೆದರೆ ನಾದ ದೊಡ್ಡದಾಗುವುದೇ ಹೊರತು ಸ್ವರ ಮೇಲೇರುವುದಿಲ್ಲ. ರಾಳ ಹಚ್ಚಿದ ಕುದುರೆಕೂದಲು ತಂತಿಯನ್ನು ಹಿಡಿದುಕೊಂಡು ಒಂದಿಷ್ಟು ದೂರ ಎಳೆದೊಯ್ಯುತ್ತದೆ; ತಂತಿಯ ಸೆಟೆತ ಹಿಡಿತವನ್ನು ಮೀರಿದೊಡನೆ ತಂತಿ ಜಾರಿ ಹಿಂದಕ್ಕೆ ಚಿಮ್ಮುತ್ತದೆ; ಮತ್ತೆ ಸಿಕ್ಕಿಬೀಳುತ್ತದೆ. ಹಿಡಿತ, ಜಾರು, ಹಿಡಿತ, ಜಾರು. ಈ ಆಟದ ಸಮಯವನ್ನು ಗೊತ್ತುಮಾಡುವುದು ಕಮಾನಲ್ಲ, ತಂತಿ. ತಂತಿಯ ಈ ಚಲನೆಯನ್ನು ಸೂಕ್ಷ್ಮದರ್ಶಕದ ಮೂಲಕ ಮೊಟ್ಟಮೊದಲು ಕಂಡುಕೊಂಡವನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ಅವನ ಧ್ವನಿಶಾಸ್ತ್ರದ ಮಹಾಗ್ರಂಥ ಪ್ರಕಟವಾದುದು 1863ರಲ್ಲಿ. ಅಲ್ಲಿಂದ ಮುಂದಕ್ಕೆ ಅದರ ಗಣಿತವನ್ನು ವಿಸ್ತರಿಸಿದವರು ನಮ್ಮ ಸಿ. ವಿ. ರಾಮನ್. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಅವರು 1933ರಲ್ಲಿ ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲು, ಬೆಳಕಿನ ಚದರಿಕೆ ಅವರಿಗೆ ಕೀರ್ತಿ ತರುವುದಕ್ಕೂ ಮುನ್ನ, ಕಲ್ಕತ್ತೆಯಲ್ಲಿ ಅವರು ತೊಡಗಿದ್ದುದು ನಾದದ ವಿಚಾರದಲ್ಲಿ. ಕಮಾನಿನಿಂದ ನುಡಿಸಿದ ತಂತಿಗಳ ಕಂಪನವನ್ನು ಕುರಿತ ಅವರ ದೀರ್ಘ ಪ್ರಬಂಧ 1918ರಲ್ಲಿ ಹೊರಬಂದಿತು. ಮನುಷ್ಯನ ಕೈಯ ಚಾಂಚಲ್ಯ ಪ್ರಯೋಗಕ್ಕೆ ಅಡ್ಡಬರಬಾರದೆಂದು ಪಿಟೀಲನ್ನು ನುಡಿಸುವ ಒಂದು ಯಂತ್ರವನ್ನೇ ಅವರು ಕಟ್ಟಿಸಿದ್ದರು. ಬಾವಿಯ ರಾಟೆಯ ಕಿರುಗುಟ್ಟುವಿಕೆ, ಕೀಲೆಣ್ಣೆ ಕಾಣದ ಎತ್ತಿನಗಾಡಿಯ ಅಚ್ಚಿನ ಅಳಲು, ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದ ಕಿರುಚಾಟ, ಎಲ್ಲವೂ ಈ ಹಿಡಿತ-ಜಾರುಗಳ ಸಂತಾನವೇ.

ಬ್ರೇಕಿನ ತಂತಿ ಯಾವುದು ಎಂದರೆ ಅದು ತಂತಿಯಲ್ಲ, ತಟ್ಟೆ. ದೇವಸ್ಥಾನದ ಜಾಗಟೆಯನ್ನು ನೆನೆಯಬಹುದು. ಕೋಲಿನಿಂದ ಬಡಿದರೆ ಅದು ಮೊಳಗುತ್ತದೆ. ಬಡಿಯದೆ ಅಂಚಿನ ಮೇಲೆ ಪಿಟೀಲಿನ ಕಮಾನನ್ನು ಎಳೆದರೂ ಹಾಡುತ್ತದೆ. ಹಾಗೆಯೇ ಲೋಹದ ಫಲಕಗಳ ಮೇಲೆ ಮರಳನ್ನು ಉದುರಿಸಿ, ಅಂಚಿಗೆ ಕಮಾನೆಳೆದು, ಮರಳು ನಿಶ್ಚಲವಾದ ಗೆರೆಗಳಲ್ಲಿ ಒಟ್ಟುಗೂಡಿ ರಂಗೋಲಿ ಬರೆಯುವುದನ್ನು 1787ರಲ್ಲಿ ಲೋಕಕ್ಕೆ ತೋರಿಸಿದವನು ಕ್ಲಾಡ್ನಿ. ಕೀರಲುಗುಟ್ಟುವ ಬ್ರೇಕಿನ ಡಿಸ್ಕನ್ನು ಲೇಸರ್ ಬೆಳಕಿನಲ್ಲಿ ಪರೀಕ್ಷಿಸಿದವರಿಗೆ ಕಂಡುದೂ ಅಂತಹುದೇ ರಂಗೋಲಿ: ತಟ್ಟೆಯ ಅಂಚು ಹಪ್ಪಳದಂತೆ ಒಂದೆಡೆ ಉಬ್ಬಿ ಒಂದೆಡೆ ತಗ್ಗಿ, ಕಣ್ಣಿಗೆ ಕಾಣದಷ್ಟು ಕಿರಿದಾದ ಅಲೆಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ಮಿಡಿಯುತ್ತಿರುತ್ತದೆ.

ಇಲ್ಲಿ ಒಂದು ತಿದ್ದುಪಡಿ ಅವಶ್ಯಕ. ಪಿಟೀಲಿನ ಉಪಮೆ ಸುಂದರವಾದುದೆಂದು ಅದನ್ನು ಕೊನೆಯವರೆಗೂ ಎಳೆದೊಯ್ದರೆ ಸತ್ಯಕ್ಕೆ ಅಪಚಾರವಾದೀತು. ಸಿಗ್ನಲಿನಲ್ಲಿ ಬ್ರೇಕನ್ನು ಅರೆಮನಸ್ಸಿನಿಂದ ಸಡಿಲಿಸಿದಾಗ ಕಾರು ಎಮ್ಮೆಯಂತೆ ‘ಗುರ್’ ಎನ್ನುವುದುಂಟಷ್ಟೆ, ಅದು ನಿಜವಾದ ಹಿಡಿತ-ಜಾರು. ಎತ್ತರದ ಚೀತ್ಕಾರವಾದರೋ ಬಹುಮಟ್ಟಿಗೆ ಇನ್ನೊಂದು ಕೌಶಲದಿಂದ ಹುಟ್ಟುತ್ತದೆ. ಪ್ಯಾಡಿಗೆ ಎರಡು ಬಗೆಯ ಕಂಪನ ಸಾಧ್ಯ: ಡಿಸ್ಕಿನತ್ತ ಒತ್ತಿ ಹಿಂಜರಿಯುವುದು ಒಂದು, ಡಿಸ್ಕು ಓಡುವ ದಿಕ್ಕಿನಲ್ಲಿ ಮುಂದಕ್ಕೂ ಹಿಂದಕ್ಕೂ ಓಲಾಡುವುದು ಇನ್ನೊಂದು. ಇವೆರಡರ ಸಹಜ ಆವೃತ್ತಿಗಳು ದೂರದೂರ ಇರುವವರೆಗೂ ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಅವು ಹತ್ತಿರ ಬಂದುವೋ, ಘರ್ಷಣೆಯು ಎರಡಕ್ಕೂ ಗಂಟುಹಾಕುತ್ತದೆ, ಪ್ಯಾಡಿನ ಪ್ರತಿಯೊಂದು ಬಿಂದುವೂ ಒಂದು ಪುಟ್ಟ ಅಂಡಾಕಾರದಲ್ಲಿ ಸುತ್ತತೊಡಗುತ್ತದೆ. ಡಿಸ್ಕಿನೊಡನೆ ಮುಂದೆ ಹೋಗುವಾಗ ಪ್ಯಾಡು ಬಿಗಿಯಾಗಿ ಒತ್ತಿಕೊಂಡಿರುತ್ತದೆ, ಆದುದರಿಂದ ಡಿಸ್ಕು ಅದನ್ನು ಬಲವಾಗಿ ಎಳೆಯುತ್ತದೆ. ಹಿಂದೆ ಬರುವಾಗ ಒತ್ತು ಸಡಿಲವಾಗಿರುವುದರಿಂದ ಎಳೆತದ ವಿರೋಧವೂ ಕಡಿಮೆ. ನಾಗರ ಪಂಚಮಿಯ ಉಯ್ಯಾಲೆಯಲ್ಲಿ ಅಕ್ಕನು ತಂಗಿಯನ್ನು ಜೀಕುವ ರೀತಿಯೂ ಇದೇ ಅಲ್ಲವೆ? ಮುಂದೆ ಹೋಗುವಾಗ ಕೈಕೊಟ್ಟು ನೂಕುವುದು, ಹಿಂದೆ ಬರುವಾಗ ಕೈ ತೆಗೆಯುವುದು. ಸುತ್ತುಸುತ್ತಿಗೂ ಲಾಭದ ಒಂದೊಂದು ಕಾಸು ಸೇರಿ, ಕ್ಷಣಾರ್ಧದಲ್ಲಿ ಕಂಪನವು ಕೂಗಾಗುತ್ತದೆ. ಘರ್ಷಣೆ ಒರಟಾಗಿರುವುದು ಇದಕ್ಕೆ ಕಾರಣವಲ್ಲ. ಎರಡು ಆವೃತ್ತಿಗಳು ಕೂಡಿಕೊಂಡುದು ಕಾರಣ. ಪ್ಯಾಡಿನ ಮುಖಕ್ಕೆ ಗ್ರೀಸ್ ಬಳಿದು ಸದ್ದಡಗಿಸುತ್ತೇನೆನ್ನುವವನು ಸದ್ದಿನೊಡನೆ ಬ್ರೇಕನ್ನೂ ಅಡಗಿಸುತ್ತಾನೆ. ಗ್ರೀಸ್ ಬೇಕಾದುದು ಪ್ಯಾಡಿನ ಬೆನ್ನಿಗೆ, ಅದರ ಕಿವಿಗಳು ಜಾರುವ ತೋಡಿಗೆ, ಕ್ಯಾಲಿಪರಿನ ಪಿನ್ನುಗಳಿಗೆ. ಅದೂ ರಬ್ಬರನ್ನು ಉಬ್ಬಿಸದ, ಬ್ರೇಕಿಗೆಂದೇ ಮಾಡಿದ ಗ್ರೀಸ್.

ಹಳೆಯ ಪ್ಯಾಡು ಸುಮ್ಮನಿದ್ದುದು ಏಕೆ, ಹೊಸದು ಕೂಗಿದುದು ಏಕೆ? ದಪ್ಪ ಬದಲಾದರೆ ಭಾರವೂ ಬಿಗುವೂ ಬದಲಾಗಿ ಆವೃತ್ತಿಗಳು ಸ್ಥಾನಪಲ್ಲಟ ಹೊಂದುತ್ತವೆ. ಅಲ್ಲದೆ ಹಳೆಯ ಡಿಸ್ಕಿನ ಮೈ ಗ್ರಾಮೊಫೋನ್ ತಟ್ಟೆಯಂತೆ ಸಣ್ಣ ಸಣ್ಣ ಗೀರುಗಳಿಂದ ಕೂಡಿದ್ದು, ಚಪ್ಪಟೆಯಾದ ಹೊಸ ಪ್ಯಾಡು ಏಣುಗಳ ಮೇಲೆ ಮಾತ್ರ ಕುಳಿತಿರುತ್ತದೆ. ಇವೆರಡೂ ನನ್ನ ಕಾರಿಗೆ ಅನ್ವಯಿಸುವುವೇ. ಆದರೆ ಗ್ಯಾರೇಜಿನ ಹಿರಿಯರು ಹಳೆಯ ಪ್ಯಾಡುಗಳನ್ನು ತರಿಸಿ, ಅವುಗಳ ಬೆನ್ನಿಗೆ ಕಚ್ಚಿಕೊಂಡಿದ್ದ ತೆಳ್ಳನೆಯ ಒಂದು ತಗಡನ್ನು ಉಗುರಿನಿಂದ ಎಬ್ಬಿಸಿ, “ಇದನ್ನ ಹೊಸದಕ್ಕೆ ಹಾಕಿದ್ರಾ?” ಎಂದು ಕೇಳಿದರು. ಹಾಕಿರಲಿಲ್ಲ. ಅದು ಶಿಮ್ ಎಂಬುದು: ಉಕ್ಕಿನ ಪದರದ ಮೇಲೆ ರಬ್ಬರಿನ ಲೇಪ. ನೋಡುವುದಕ್ಕೆ ಬಿಸಾಡುವ ರೇಕಿನಂತಿರುವ ಆ ತುಂಡು ಪಿಸ್ಟನ್ನಿಗೂ ಪ್ಯಾಡಿಗೂ ನಡುವೆ ಕುಳಿತು, ಮೊಳಗುವ ಜಾಗಟೆಯ ಮೇಲೆ ಅಂಗೈ ಇಟ್ಟಂತೆ ಕಂಪನದ ಶಕ್ತಿಯನ್ನು ಹೀರಿಬಿಡುತ್ತದೆ. ಡಿಸ್ಕನ್ನು ಕಂಚಿನಿಂದಲೋ ಉಕ್ಕಿನಿಂದಲೋ ಮಾಡದೆ ಬೂದು ಎರಕದ ಕಬ್ಬಿಣದಿಂದ ಮಾಡುವುದರ ಪ್ರಯೋಜನಗಳಲ್ಲಿ ಒಂದು ಇದೇ: ಅದರೊಳಗೆ ಹರಡಿರುವ ಗ್ರಾಫೈಟಿನ ಸಣ್ಣ ಚಕ್ಕೆಗಳು ನಾದವನ್ನು ನುಂಗುತ್ತವೆ. ಕಬ್ಬಿಣದ ಬಾಣಲೆಯನ್ನು ಬಡಿದರೆ ಕಂಚಿನ ಬಟ್ಟಲಿನಂತೆ ಗುಂಯ್‌ಗುಡುವುದಿಲ್ಲ.

ಈ ಕೂಗಿನಲ್ಲಿ ವ್ಯಯವಾಗುವ ಶಕ್ತಿ ಎಷ್ಟೆಂದು ಲೆಕ್ಕ ಹಾಕಿದರೆ ನಗು ಬರುತ್ತದೆ. ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಬಂದು ಐದು ಸೆಕೆಂಡಿನಲ್ಲಿ ನಿಲ್ಲಬೇಕಾದರೆ ಸುಮಾರು 1,39,000 ಜೂಲ್ ಶಕ್ತಿ ಶಾಖವಾಗಬೇಕು. ಅರ್ಧ ಲೀಟರಿಗೆ ತುಸು ಕಡಿಮೆ ನೀರು ಕುದಿಬರುವುದಕ್ಕೆ ಅಷ್ಟು ಸಾಕು, ಮನೆಮಂದಿಗೆಲ್ಲ ಕಾಫಿಯಾದೀತು. ಚಾಮುಂಡಿ ಬೆಟ್ಟದಿಂದ ಇಂಜಿನ್ನಿನ ನೆರವಿಲ್ಲದೆ ಕೇವಲ ಬ್ರೇಕನ್ನೇ ನಂಬಿ ಇಳಿದುಬಂದರೆ ಸುಮಾರು 300 ಮೀಟರಿನ ಆ ಇಳಿತವು ಒಂಬತ್ತು ಲೀಟರು ನೀರನ್ನು ಕುದಿಸಬಲ್ಲುದು. ಇದರೆದುರಿಗೆ, ಬೀದಿಯ ಆ ಬದಿಯವರೂ ತಿರುಗಿ ನೋಡುವಂತೆ ಕಿರುಚಲು ಬೇಕಾದ ಧ್ವನಿಶಕ್ತಿ ಒಂದು ವ್ಯಾಟಿನ ಸಾವಿರದಲ್ಲೊಂದು ಪಾಲು. ಬ್ರೇಕು ವ್ಯಯಿಸುವುದರಲ್ಲಿ ಸುಮಾರು ಮೂರು ಕೋಟಿಯಲ್ಲಿ ಒಂದಂಶ. ಅಷ್ಟನ್ನೂ ನಾವು ಸಹಿಸಲಾರೆವು, ಏಕೆಂದರೆ ನಮ್ಮ ಕಿವಿಯ ನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳಲು. ಅದು ತಾನಾಗಿ ಅನುರಣಿಸುವುದು ಮೂರು ಸಾವಿರ ಹರ್ಟ್ಸಿನ ಆಸುಪಾಸಿನ ಧ್ವನಿಗೇ.

ಈ ಪೀಡೆ ಹೊಸದೇನಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದಾಗ, ಲೋಹದ ಡಿಸ್ಕನ್ನು ತಾಮ್ರದ ಲೈನಿಂಗು ಹಿಡಿಯುತ್ತಿದ್ದುದರಿಂದ ಅದರ ಚೀರಾಟ ಅಸಹನೀಯವಾಗಿತ್ತಂತೆ. ಮುಂದೆ ಹರ್ಬರ್ಟ್ ಫ್ರೂಡ್ ಎಂಬುವನು ಕಲ್ನಾರಿನ ಲೈನಿಂಗನ್ನು ತಂದು ಆ ಬಾಯನ್ನು ಮುಚ್ಚಿಸಿದನು. ಕಲ್ನಾರು ಬ್ರೇಕಿಗೆ ಹಿತವಾದರೂ ಶ್ವಾಸಕೋಶಕ್ಕೆ ವಿಷವೆಂದು ತಿಳಿದ ಮೇಲೆ ಅದರ ಜಾಗಕ್ಕೆ ನಾನಾ ನಾರುಗಳೂ, ಲೋಹದ ಪುಡಿಯೂ, ಗ್ರಾಫೈಟೂ, ಇವನ್ನೆಲ್ಲ ಬೆಸೆಯುವ ರೆಸಿನ್ನೂ ಬಂದುವು. ಈ ಪಾಕದಲ್ಲಿ ನಮ್ಮ ಕರಾವಳಿಯವರಿಗೆ ಚಿರಪರಿಚಿತವಾದ ಒಂದು ಪದಾರ್ಥವೂ ಸೇರಿರುವುದುಂಟು. ಗೇರುಬೀಜದ ಸಿಪ್ಪೆಯಲ್ಲಿ, ಕೈಗೆ ತಗುಲಿದರೆ ಬೊಬ್ಬೆಯೇಳಿಸುವ ಸೊನೆಯಿದೆಯಷ್ಟೆ. ಆ ಎಣ್ಣೆಯನ್ನು ರಾಸಾಯನಿಕವಾಗಿ ಗಟ್ಟಿಗೊಳಿಸಿ, ಅರೆದು ಮಾಡಿದ ಕಂದುಬಣ್ಣದ ಪುಡಿಯನ್ನು ಲೈನಿಂಗಿಗೆ ಬೆರೆಸುತ್ತಾರೆ. ಬಿಸಿಯಲ್ಲಿಯೂ ಘರ್ಷಣೆ ಏರುಪೇರಾಗದಂತೆ ಅದು ನೋಡಿಕೊಳ್ಳುತ್ತದೆ. ರಬ್ಬರಿನಂತೆ ತುಸು ಮೆದುವಾದುದರಿಂದ ಸದ್ದನ್ನೂ ಹೀರುತ್ತದೆ. ಪೋರ್ಚುಗೀಸರು ಬ್ರೆಜಿಲ್ಲಿನಿಂದ ತಂದು ನೆಟ್ಟ ಮರವೊಂದು ಮಂಗಳೂರಿನ ಕಾರ್ಖಾನೆಗಳ ಗೇರುಸಿಪ್ಪೆಯ ರಾಶಿಯ ಮೂಲಕ ಮೋಟಾರು ಗಾಡಿಗಳ ಚೀತ್ಕಾರವನ್ನು ಅಡಗಿಸಲು ಬಂದಿತೆಂಬುದು ನನಗೆ ಬ್ರೇಕಿನ ಇಡೀ ಚರಿತ್ರೆಯಲ್ಲಿಯೇ ಅತ್ಯಂತ ಪ್ರಿಯವಾದ ಸಂಗತಿ.

ಶಿಮ್‌ಗಳನ್ನು ಕೂಡಿಸಿದ ಮೇಲೆ ಕೂಗು ಮುಕ್ಕಾಲುಪಾಲು ಇಳಿಯಿತು. ಉಳಿದ ಕಾಲುಪಾಲಿಗೆ ಹಿರಿಯರು ಹೇಳಿದ ಉಪಾಯ ಪಳಗಿಸುವುದು. ಮರುದಿನ ಬೆಳಗಿನ ಜಾವ ವರ್ತುಲ ರಸ್ತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದಾಗ, ಗಂಟೆಗೆ 50 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹೆಚ್ಚಿಸುವುದು. ಹೀಗೆ ಹತ್ತು ಸಲ. ಏಳನೆಯದರಲ್ಲೋ ಎಂಟನೆಯದರಲ್ಲೋ ರೆಸಿನ್ ಬಿಸಿಯಾದ ವಾಸನೆ ಮೂಗಿಗೆ ಬಡಿಯಿತು. ಆಮೇಲೆ ಕಾಲುಗಂಟೆ ಬ್ರೇಕನ್ನು ಆದಷ್ಟು ಮುಟ್ಟದೆ ಸುಮ್ಮನೆ ಓಡಿಸಿ ಗಾಳಿಗೆ ಆರಿಸಿದೆ. ಬಿಸಿಯಾದ ಡಿಸ್ಕನ್ನು ಬ್ರೇಕು ಹಿಡಿದು ನಿಲ್ಲಿಸಿಬಿಟ್ಟರೆ ಪ್ಯಾಡಿನ ಅಚ್ಚು ಅಲ್ಲಿಯೇ ಮೂಡುವ ಭಯವುಂಟು. ಹೀಗೆ ಪಳಗಿಸಿದಾಗ ಪ್ಯಾಡಿನ ಪದಾರ್ಥವು ಡಿಸ್ಕಿನ ಮೈಮೇಲೆ ಹೊಸ ಕಾವಲಿಗೆ ಎಣ್ಣೆ ಕುಡಿಸಿದಂತೆ ಸಮನಾದ ಒಂದು ತೆಳುಪೊರೆಯಾಗಿ ಕೂರುತ್ತದೆ. ಏಣುಗಳೂ ಪ್ಯಾಡೂ ಒಂದಕ್ಕೊಂದು ಒಗ್ಗುತ್ತವೆ. ಮನೆಗೆ ಬಂದು ನೋಡಿದರೆ, ಹಿಂದಿನ ದಿನ ಥಳಥಳಿಸುತ್ತಿದ್ದ ಡಿಸ್ಕು ನೀಲಿಗಪ್ಪಿನ ಮಾಸಲು ಬಣ್ಣಕ್ಕೆ ತಿರುಗಿತ್ತು. ಕೂಗು ಮತ್ತೆ ಕೇಳಿಸಲಿಲ್ಲ. ಮಳೆ ಹೊಯ್ದ ರಾತ್ರಿಯ ಮರುದಿನ ಮಾತ್ರ ಮೊದಲ ಎರಡು ಮೂರು ಬ್ರೇಕಿಗೆ, ರಾತ್ರಿಯೆಲ್ಲ ಡಿಸ್ಕಿನ ಮೇಲೆ ಹತ್ತಿದ ಕೆಂದುಕ್ಕು ಕೆರೆದುಹೋಗುವ ‘ಸರ್’ ಎಂಬ ಸದ್ದು ಬಂದು ತಾನಾಗಿ ಹೋಗುತ್ತದೆ.

ಉಳಿದುದು ‘ಟಕ್’. ಪ್ರತಿಯೊಂದು ಸಲ ಬ್ರೇಕು ಹಿಡಿದಾಗಲೂ ಬಂದರೆ ಅದು ಅಪಾಯದ ಮಾತು: ಕ್ಯಾಲಿಪರಿನ ಬೋಲ್ಟೋ ಚಕ್ರದ ನಟ್ಟೋ ಸಡಿಲವಾಗಿದೆಯೆಂದು ತಿಳಿದು ಅಲ್ಲಿಯೇ ಇಳಿದು ನೋಡಬೇಕು. ಹಿರಿಯರು ಮೊದಲು ಪರೀಕ್ಷಿಸಿದುದೂ ಅದನ್ನೇ; ಎಲ್ಲವೂ ಬಿಗಿಯಾಗಿದ್ದುವು, ಕ್ಲಿಪ್ಪುಗಳೂ ತಮ್ಮ ಸ್ಥಾನದಲ್ಲಿದ್ದುವು. ನನ್ನದು ದಿಕ್ಕು ಬದಲಾದ ಮೇಲಿನ ಮೊದಲ ಬ್ರೇಕಿಗೆ ಮಾತ್ರ ಬರುತ್ತಿತ್ತು. ಪ್ಯಾಡು ಶಾಖಕ್ಕೆ ಹಿಗ್ಗಿದಾಗ ಸಿಕ್ಕಿಕೊಳ್ಳಬಾರದೆಂದು ಅದರ ತೋಡಿನಲ್ಲಿ ಕೂದಲೆಳೆಯಷ್ಟು ಸಡಿಲ ಬಿಟ್ಟಿರುತ್ತಾರೆ. ಕಾರು ಮುಂದೆ ಹೋಗುವಾಗ ಪ್ಯಾಡು ಒಂದು ಗೋಡೆಗೆ ಒರಗುತ್ತದೆ, ಹಿಂದೆ ಹೋಗುವಾಗ ಇನ್ನೊಂದಕ್ಕೆ. “ಅದು ಇರಲಿ ಬಿಡಿ ಮೇಷ್ಟ್ರೇ, ಜಾಗ ಬದಲಾಯಿಸಿ ಕೂತ್ಕೊಳ್ತಾ ಇದೆ” ಎಂದರು. ಈಗ ದಿನವೂ ಬೆಳಗ್ಗೆ ಕಾರನ್ನು ಹಿಂದುಹಿಂದಕ್ಕೆ ಗೇಟಿನಿಂದಾಚೆಗೆ ತೆಗೆದು, ನಿಲ್ಲಿಸಿ, ಮುಂದಿನ ಗೇರಿಗೆ ಹಾಕಿ ಹೊರಟಾಗ, ಸಂಪಿಗೆ ಮರದ ಬಳಿಯ ಮೊದಲ ಉಬ್ಬಿಗೆ ಬ್ರೇಕು ಮುಟ್ಟಿದೊಡನೆ ಅದು ಒಮ್ಮೆ ‘ಟಕ್’ ಎನ್ನುತ್ತದೆ; ಮತ್ತೆ ಸಾಯಂಕಾಲದವರೆಗೆ ಮಾತಿಲ್ಲ.